ತೊಂಬತ್ತನೆಯ ದಿನದ ಅಳತೆ

ಮಾರ್ಚ್ 1, 1999. ಸೋಮವಾರ. ಬೆಳಿಗ್ಗೆ 7

ಐದಕ್ಕೆ ಫೀಡ್ ಹಾಕಿಸಿ ಬಂದೆ. ಎ ಪೆನ್ನಿನಲ್ಲಿ, ಅಂದರೆ ಎ ದೊಡ್ಡಿಯಲ್ಲಿ, ನಿನ್ನೆಯ ಹುಲ್ಲು ಉಳಿದಿತ್ತು, ತೂಗಿ ಬರೆದುಕೊಂಡೆ. ಬಿ ಪೆನ್ನಿನವು ತೊಟ್ಟಿ ನೆಕ್ಕಿ ಇಟ್ಟಿದ್ದವು. ಬಾರ್ಲಿ, ಜೋಳ ಅಂದರೆ ಜೀವ ಬಿಡುತ್ತವೆ.

ಇವತ್ತಿಗೆ ಐವತ್ತೆಂಟು ದಿನ. ಈ ಟ್ರಯಲ್ ನನ್ನದೇ ಐಡಿಯಾ. ಜನವರಿಯಲ್ಲಿ ಅಬುಧಾಬಿಯ ಅಲ್ ಮೀನಾ ಬಂದರಿನಲ್ಲಿ ಹಡಗಿನಿಂದ ಇಳಿದ ಹೋರಿಗಳಲ್ಲಿ ನಲವತ್ತೆಂಟನ್ನು ಬೇರೆ ಮಾಡಿದೆ. ಅರ್ಧಕ್ಕೆ ಹುಲ್ಲು ಜಾಸ್ತಿ, ಅದು ಎ. ಅರ್ಧಕ್ಕೆ ಕಾಳು ಜಾಸ್ತಿ, ಅದು ಬಿ. ಅರುವತ್ತು, ತೊಂಬತ್ತು, ನೂರಿಪ್ಪತ್ತು, ನೂರೈವತ್ತನೆಯ ದಿನ ಎರಡೂ ಕಡೆಯಿಂದ ಆರಾರು ಕಡಿಯುವುದು. ಮಾಂಸ ಎಷ್ಟು ಬಂತು, ಬೆನ್ನಿನ ಮೇಲೆ ಕೊಬ್ಬು ಎಷ್ಟು ದಪ್ಪ ಕೂತಿದೆ ಅಂತ ಅಳೆಯುವುದು.

ಉಳಿದ ಮುನ್ನೂರೂ ಕಾಳನ್ನೇ ತಿನ್ನುತ್ತಿವೆ. ಅವನ್ನು ಯಾವಾಗ ಮಾರಬೇಕು ಅನ್ನುವುದು ಈ ನಲವತ್ತೆಂಟರಿಂದ ಗೊತ್ತಾಗಬೇಕು. ಬೇಗ ಮಾರಿದರೆ ಮೈ ತುಂಬಿರುವುದಿಲ್ಲ. ತಡ ಮಾಡಿದರೆ ತಿಂದದ್ದೆಲ್ಲ ಕೊಬ್ಬು. ದುಬೈ ಹೋಟೆಲಿನವರು ಹತ್ತು ಮಿಲಿಮೀಟರ್ ದಾಟಿದರೆ ಮುಟ್ಟುವುದಿಲ್ಲ. ತೊಂಬತ್ತನೆಯ ದಿನದ ನಂಬರು ನೋಡಿ ತೀರ್ಮಾನ ಮಾಡುತ್ತೇನೆ ಅಂದಿದ್ದಾನೆ ಅರಬಾಬ್. ಇಲ್ಲಿ ಧಣಿಗೆ ಎಲ್ಲರೂ ಹಾಗೇ ಹೇಳುವುದು.

ಬಿಸಿಲು ಈಗಲೇ ಕಣ್ಣಿಗೆ ಹೊಡೆಯುತ್ತಿದೆ. ಇನ್ನು ಮೇ ಜೂನ್ ಹೇಗೋ.

ಮಾರ್ಚ್ 4, ಗುರುವಾರ. ಮಧ್ಯಾಹ್ನ

ಅರುವತ್ತನೆಯ ದಿನದ್ದು ಮುಗಿಯಿತು. ಲಿಯೊನೆಲ್ ಕೋಲ್ಡ್ ರೂಮಿನಿಂದ ಇಂಟರ್‌ಕಾಮಿನಲ್ಲಿ ಒಂದೊಂದೇ ಹೇಳಿದ, ನಾನು ಆಫೀಸಿನಲ್ಲಿ ಕೂತು ಬರೆದುಕೊಂಡೆ. ಕೊಬ್ಬು — ಹುಲ್ಲಿನವಕ್ಕೆ ಎರಡು ಮಿಲಿಮೀಟರ್, ಕಾಳಿನವಕ್ಕೆ ನಾಲ್ಕು. ಚೆನ್ನಾಗಿದೆ.

ನಾನು ಆ ಕಡಿಯುವ ಶೆಡ್ಡಿಗೆ ಕಾಲಿಡುವುದಿಲ್ಲ. ಇಲ್ಲಿಗೆ ಬಂದು ನಾಲ್ಕು ವರ್ಷ, ಒಂದು ಸಲವೂ ಇಲ್ಲ. ಉಡುಪಿ ಉಪಾಧ್ಯರ ಮನೆಯ ಹುಡುಗ ಅಂತ ಶುರುವಿನಲ್ಲೇ ಎಲ್ಲರೂ ನಕ್ಕು ಒಪ್ಪಿಕೊಂಡರು. ಜೀವ ಇರುವವರೆಗೆ ನನ್ನ ಡಿಪಾರ್ಟ್‌ಮೆಂಟ್, ಆಮೇಲೆ ಲಿಯೊನೆಲ್‌ನದು. ಅವನು ಕಡಿಯುವ ಶೆಡ್ಡಿನ ಸೂಪರ್‌ವೈಸರ್, ಬಂಟ್ವಾಳದ ಕ್ರಿಶ್ಚಿಯನ್, ನನ್ನ ರೂಮ್‌ಮೇಟ್. ಅವನ ಕೆಲಸ ನಾನು ನೋಡುವುದಿಲ್ಲ, ಅವನು ಶುಕ್ರವಾರ ಅಬುಧಾಬಿಗೆ ಚರ್ಚಿನ ಪೂಜೆಗೆ ಹೋದಾಗ ಅವನ ಶೆಡ್ಡಿನ ಪೇಪರ್ ಕೆಲಸ ನಾನು ಮಾಡುತ್ತೇನೆ. ಗುರುವಾರ ಸಂಜೆ ಖಾಲಿ ಹಾಳೆಗಳ ಕೆಳಗೆ ಸೈನ್ ಹಾಕಿ ನನ್ನ ಮಂಚದ ಮೇಲೆ ಇಟ್ಟು ಹೋಗುತ್ತಾನೆ. ಟ್ರಕ್ ನಂಬರು, ತಲೆ ಎಷ್ಟು, ಇಷ್ಟೇ. ಅದನ್ನು ಹೊರಗೆ ಗೇಟಿನಲ್ಲೇ ಬರೆಯಬಹುದು.

"ಒಂದು ದಿವಸ ಬಂದು ನೋಡು ಮಾರಾಯ, ನೀನು ತಿನ್ನಿಸಿದ್ದು ಎಲ್ಲಿ ಹೋಗಿ ಕೂತಿದೆ ಅಂತ," ಅಂದ ಇವತ್ತು.

"ನೀನು ಹೇಳಿದರೆ ಸಾಕು," ಅಂದೆ.

ಕೊಲ್ಲಲಿಕ್ಕೆ ತಿನ್ನಿಸುವವನು ನಾನೇ. ನೋಡಲಿಕ್ಕೆ ಮಾತ್ರ ಆಗುವುದಿಲ್ಲ. ಎಂಥ ಸೋಗು ನನ್ನದು.

ಮಾರ್ಚ್ 19, ಶುಕ್ರವಾರ

ಹತ್ತಿರದ ಟೌನು ಮದೀನತ್ ಜಾಯೆದ್‌ಗೆ ಹೋಗಿ ಊರಿಗೆ ಫೋನ್ ಮಾಡಿದೆ. ಅಮ್ಮನಿಗೆ ಈಗಲೂ ಇದು ಡೈರಿ ಫಾರ್ಮ್. "ಹಾಲು ಎಷ್ಟು ಕರೆಯುತ್ತವಾ?" ಅಂತ ಕೇಳಿದರು. "ಸುಮಾರು," ಅಂದೆ. ವಸಂತಿಗೆ ನಿಜ ಗೊತ್ತುಂಟು. ಮದುವೆಗೆ ಮೊದಲೇ ಹೇಳಿದ್ದೆ. ಅವಳು ಆ ವಿಷಯ ಎತ್ತುವುದಿಲ್ಲ, ನಾನೂ ಎತ್ತುವುದಿಲ್ಲ.

ಬಿ ಪೆನ್ನಿನಲ್ಲಿ ದಿನಕ್ಕೆ ಒಂದು ಕಿಲೋ ಮುನ್ನೂರು ಏರುತ್ತಿದೆ. ಎ ಪೆನ್ನಿನಲ್ಲಿ ಎಂಟುನೂರು ಗ್ರಾಂ. ಗ್ರಾಫ್ ಹಾಳೆಯಲ್ಲಿ ಎರಡು ಗೆರೆ, ನೋಡಲಿಕ್ಕೆ ಖುಷಿ.

ಮಾರ್ಚ್ 29, ಸೋಮವಾರ

ಈದ್ ರಜೆ. ಫೀಡಿಗೆ ರಜೆ ಇಲ್ಲ.

ಲಿಯೊನೆಲ್‌ಗೆ ಫ್ಯಾಮಿಲಿ ವೀಸಾ ಬಂತು. ಹನ್ನೊಂದು ವರ್ಷ ಆದ ಮೇಲೆ. ಹೆಂಡತಿ ಬೆನೆಡಿಕ್ಟ, ಮಗಳು ನಿಖಿತಾ, ಇಬ್ಬರೂ ಮೇ ತಿಂಗಳಲ್ಲಿ ಬರುತ್ತಾರೆ. ಟೌನಿನಲ್ಲಿ ಫ್ಲ್ಯಾಟ್ ನೋಡಿ ಬಂದಿದ್ದಾನೆ. ಮಗಳಿಗೆ ಎಂಟು ವರ್ಷ, ಅಪ್ಪನ ಜೊತೆ ಒಟ್ಟು ಇದ್ದದ್ದು ಹತ್ತು ತಿಂಗಳೂ ಆಗಲಿಲ್ಲವಂತೆ. ಬೆಳಗಿನಿಂದ ಹಾಡುತ್ತಾ ತಿರುಗುತ್ತಿದ್ದಾನೆ.

ಸಂಜೆ ಹತ್ತಿರ ಬಂದು ಕೂತ. "ಉಪಾಧ್ಯ, ಒಂದು ಉಪಕಾರ ಮಾಡ್ಬೇಕು. ತೊಂಬತ್ತನೇ ದಿವಸ ಎರಡನೇ ತಾರೀಕಲ್ವಾ. ಅದು ಗುಡ್ ಫ್ರೈಡೆ. ಆ ದಿವಸ ನಾನು ಮಾಂಸ ಮುಟ್ಟುವುದಿಲ್ಲ. ಈಸ್ಟರ್ ಮುಗಿಸಿಯೇ ಬರುವುದು. ಈ ವರ್ಷ ನನಗೆ ಥ್ಯಾಂಕ್ಸ್ ಹೇಳ್ಲಿಕ್ಕೆ ಉಂಟು."

"ಕಡಿಯುವುದು?"

"ಅದನ್ನೆಲ್ಲ ನನ್ನ ಶೆಡ್ಡಿನ ಕಟುಕ ಗುಲ್ ನೋಡ್ತಾನೆ. ತೂಕ ಹಲಗೆಯಲ್ಲಿ ಬರೀತಾನೆ. ಶನಿವಾರ ಬೆಳಿಗ್ಗೆ ಕೊಬ್ಬು ಅಳೆಯುವುದು ಮಾತ್ರ ನೀನು. ಪಕ್ಕೆಲುಬಿನ ಹತ್ತಿರ ಅವನೇ ಕೊಯ್ದು ಕೊಡ್ತಾನೆ. ನೀನು ಸ್ಕೇಲ್ ಇಡುವುದು, ಬರೆಯುವುದು. ಹತ್ತು ಗಂಟೆಗೆ ಟ್ರಕ್ ಬರ್ತದೆ, ಅದರ ಮೊದಲು."

ಇಲ್ಲ ಅನ್ನಲಿಕ್ಕೆ ಬಾಯಿ ಬರಲಿಲ್ಲ. "ಆಯ್ತು," ಅಂದೆ.

"ಪ್ರಾಮಿಸ್?"

"ಪ್ರಾಮಿಸ್ ಮಾರಾಯ, ಹೋಗು."

ಏಪ್ರಿಲ್ 3, ಶನಿವಾರ. ಬೆಳಿಗ್ಗೆ 7:15

ಕಾಫಿ ಮಾತ್ರ ಕುಡಿದೆ. ಎಂಟಕ್ಕೆ ಹೋಗುತ್ತೇನೆ. ಹನ್ನೆರಡು ಪ್ರಾಣಿ, ಅಷ್ಟೇ. ಪ್ರಾಣಿಯೂ ಅಲ್ಲ ಈಗ. ಗಮ್‌ಬೂಟ್ ಹಾಕಿಕೊಂಡಿದ್ದೇನೆ.

ಅದೇ ದಿನ. 11:30

ಹೋಗಲಿಲ್ಲ.

ಬಾಗಿಲಿನವರೆಗೆ ಹೋದೆ. ದಪ್ಪ ಪ್ಲಾಸ್ಟಿಕ್ಕಿನ ಪರದೆ. ಗುಲ್ ಆಚೆಯಿಂದ ಎತ್ತಿ ಹಿಡಿದ. ತಣ್ಣನೆ ಗಾಳಿ, ಅದರ ಜೊತೆ ವಾಸನೆ. ಕೆಟ್ಟ ವಾಸನೆ ಅಲ್ಲ, ನೀರು ಹಾಕಿ ತೊಳೆದ ವಾಸನೆ. ಒಳಗೆ ಬೆಳಕಿನಲ್ಲಿ ಏನೋ ಬೆಳ್ಳಗೆ ತೂಗುತ್ತಿತ್ತು. "ಪಾಂಚ್ ಮಿನಿಟ್," ಅಂದೆ ಗುಲ್‌ಗೆ. ತಿರುಗಿ ಬಂದು ಆಫೀಸಿನಲ್ಲಿ ಕೂತೆ. ಹತ್ತು ನಿಮಿಷ, ಇಪ್ಪತ್ತು. ಒಂಬತ್ತೂವರೆಗೆ ಗುಲ್ ಇಂಟರ್‌ಕಾಮಿನಲ್ಲಿ ಕರೆದ, ಎತ್ತಲಿಲ್ಲ. ಹತ್ತಕ್ಕೆ ಟ್ರಕ್ ಹೋದ ಶಬ್ದ ಕೇಳಿತು.

ಗುಲ್‌ಗೆ ಮಿಲಿಮೀಟರ್ ಓದಲಿಕ್ಕೆ ಬಾರದು, ಆದರೂ ಸ್ಕೇಲನ್ನು ಅವನ ಕೈಗೇ ಕೊಟ್ಟು, ಕೊಬ್ಬು ಎಲ್ಲಿಯವರೆಗೆ ಬಂದಿದೆಯೋ ಅಲ್ಲಿ ಪೆನ್ಸಿಲಿನಲ್ಲಿ ಗೀರು ಹಾಕು ಅನ್ನಬಹುದಿತ್ತು. ಈಗ ಹೊಳೆಯುತ್ತಿದೆ.

ಎದುರಿಗೆ ಹಾಳೆ. ಕೆಳಗೆ ಲಿಯೊನೆಲ್‌ನ ಸೈನ್, ಮೇಲೆ ಹನ್ನೆರಡು ಖಾಲಿ ಸಾಲು. ಗ್ರಾಫ್ ತೆಗೆದೆ. ಅರುವತ್ತು ದಿನಕ್ಕೆ ನಾಲ್ಕು ಆದರೆ ತೊಂಬತ್ತಕ್ಕೆ ಆರು. ಗೆರೆ ನೆಟ್ಟಗೆ ಎಳೆದರೆ ಅಷ್ಟೇ ಬರುತ್ತದೆ. ಒಂದಕ್ಕೆ ಐದೂವರೆ, ಒಂದಕ್ಕೆ ಆರೂವರೆ, ಒಂದಕ್ಕೆ ಆರು ಅಂತ ಬರೆದೆ. ಹುಲ್ಲಿನವಕ್ಕೆ ಮೂರರ ಆಸುಪಾಸು. ನಿಜಕ್ಕೂ ಅಷ್ಟೇ ಇರಬಹುದು. ಓದಿದವನು ನಾನು, ಅಂದಾಜು ತೀರಾ ತಪ್ಪಲಿಕ್ಕಿಲ್ಲ.

ಅಕ್ಷರ ನೆಟ್ಟಗೇ ಬಂತು. ಅದೇ ಬೇಜಾರು.

ಏಪ್ರಿಲ್ 5, ಸೋಮವಾರ

ಲಿಯೊನೆಲ್ ಬಂದ. ಈಸ್ಟರಿಗೆ ಮಾಡುವ ಮೊಟ್ಟೆಯಾಕಾರದ ಬಾದಾಮಿ ಸಿಹಿ ತಂದಿದ್ದ, ಮೊಟ್ಟೆ ಹಾಕಿಲ್ಲ ತಿನ್ನು ಅಂದ.

"ಹೋದ್ಯಾ?"

"ಹೋದೆ."

"ಎಂತ ಆಯ್ತು? ವಾಂತಿ?"

"ಎಂತದೂ ಆಗಲಿಲ್ಲ."

ನನ್ನ ಮುಖ ನೋಡಿದ. "ಭೇಷ್," ಅಂದು ಸ್ನಾನಕ್ಕೆ ಹೋದ. ಉಳಿದ ಸಿಹಿಯನ್ನು ಕಾಗದದಲ್ಲಿ ಸುತ್ತಿ ಇಟ್ಟೆ.

ಏಪ್ರಿಲ್ 11, ಭಾನುವಾರ

ಮೀಟಿಂಗ್. ಅರಬಾಬ್, ನಮ್ಮ ಮ್ಯಾನೇಜರ್ ಸರ್ವೋತ್ತಮ ಪೈಗಳು, ನಾನು. ನನ್ನ ಗ್ರಾಫ್ ಮೇಜಿನ ಮೇಲೆ. ಅರಬಾಬ್ ಬೆರಳಿಟ್ಟು ಕೇಳಿದ: "ತೊಂಬತ್ತಕ್ಕೆ ಆರು. ಹಾಗಾದರೆ ನೂರೈವತ್ತಕ್ಕೆ?"

"ಹತ್ತು," ಅಂದೆ. ನನ್ನ ಗೆರೆ ಹಾಗೇ ಹೇಳುತ್ತದೆ.

"ಅಷ್ಟರಲ್ಲಿ ತೂಕ ಇನ್ನೂ ಎಂಬತ್ತು ಕಿಲೋ ಏರುತ್ತದೆ?"

"ಏರುತ್ತದೆ."

"ಯಲ್ಲಾ, ಹಾಗಾದರೆ ಇಟ್ಟುಕೊಳ್ಳಿ." ಮುನ್ನೂರನ್ನೂ ಜೂನ್‌ವರೆಗೆ ಇಡುವುದು ಅಂತಾಯಿತು. ಪೈಗಳು ದುಬೈ ಹೋಟೆಲಿನವರಿಗೆ ಆಗಲೇ ಫೋನ್ ಹಚ್ಚಿದರು.

ಹೊರಗೆ ಬಂದಾಗ ಅಂಗಿ ಬೆನ್ನಿಗೆ ಅಂಟಿಕೊಂಡಿತ್ತು. ಅಲ್ಲೇ ಹೇಳಬಹುದಿತ್ತು. ಇದೊಂದು ನಂಬರು ಅಂದಾಜಿನದು, ಇನ್ನೊಂದು ಹತ್ತು ಕಡಿದು ನೋಡುವಾ ಅಂತ. ಒಂದು ವಾಕ್ಯ. ಎಲ್ಲರೂ ನಗುತ್ತಿದ್ದರು, ಅಷ್ಟೇ.

ಮೇ 3, ಸೋಮವಾರ. ಬೆಳಿಗ್ಗೆ 10

ನೂರಿಪ್ಪತ್ತು. ಲಿಯೊನೆಲ್ ಇಂಟರ್‌ಕಾಮಿನಲ್ಲಿ ಮೊದಲ ನಂಬರು ಹೇಳಿದಾಗ ಪೆನ್ನು ನಿಂತಿತು. ಕಾಳಿನ ಹೋರಿ, ಹದಿನಾರು. ಎರಡನೆಯದು ಹದಿನೆಂಟು. ಆರರ ಸರಾಸರಿ ಹದಿನೇಳು. ಹುಲ್ಲಿನವು ಐದಕ್ಕೇ ನಿಂತಿವೆ.

ಅಂದರೆ ತೊಂಬತ್ತಕ್ಕೇ ಹತ್ತು ಆಗಿತ್ತು. ಕಾಳು ತಿಂದ ಹೋರಿಗೆ ತೊಂಬತ್ತು ದಿನ ಸಾಕಾಗಿತ್ತು, ಆಮೇಲೆ ತಿಂದದ್ದೆಲ್ಲ ಬರೀ ಕೊಬ್ಬು. ಕೊಬ್ಬು ನೆಟ್ಟಗಿನ ಗೆರೆಯಲ್ಲಿ ಏರುವುದಿಲ್ಲ, ಒಂದು ಹಂತ ದಾಟಿದರೆ ಎದ್ದು ಓಡುತ್ತದೆ. ಫಸ್ಟ್ ಇಯರಿನಲ್ಲಿ ಓದಿದ ಪಾಠ.

ಮಧ್ಯಾಹ್ನ ರೂಮಿನಲ್ಲಿ ಲಿಯೊನೆಲ್ ನಿಧಾನಕ್ಕೆ ಕೇಳಿದ: "ಉಪಾಧ್ಯ, ಆ ಶನಿವಾರ ಸರಿಯಾಗಿ ಅಳೆದಿದ್ದೀಯಲ್ವಾ? ತಪ್ಪಾಗಿದ್ರೆ ಈಗ ಹೇಳು. ಈಗ ಮಾರಿದ್ರೂ ಅರ್ಧ ಉಳೀತದೆ."

"ಅಳೆದಿದ್ದೇನೆ ಮಾರಾಯ."

ಸಾಕ್ಸ್ ಮಡಚುತ್ತಾ ಕೂತ.

ಮೇ 4, ಮಂಗಳವಾರ

ಇದನ್ನು ಬರೆಯದೆ ಇರಬೇಕು ಅಂತ ಇತ್ತು. ಬರೆಯುತ್ತೇನೆ.

ಪೈಗಳು ಕರೆಸಿದರು. "ಉಪಾಧ್ಯರೇ, ಎಂತದು ಇದು, ಒಂದೇ ತಿಂಗಳಲ್ಲಿ ಆರು ಹೋಗಿ ಹದಿನೇಳು? ಯಾವುದು ಸರಿ? ಲಿಯೊನೆಲ್ ಅಳೆದದ್ದರಲ್ಲಿ ಏನಾದರೂ ಹೆಚ್ಚು ಕಮ್ಮಿ ಆಗಿರಬಹುದಾ?"

"ಇರಬಹುದು," ಅಂದೆ. "ಕೊಯ್ದದ್ದು ಓರೆ ಆದರೆ ಕೊಬ್ಬು ದಪ್ಪ ಕಾಣುತ್ತದೆ. ನೂರೈವತ್ತರದ್ದು ಬರಲಿ, ನೋಡುವಾ."

ಬಾಯಿಂದ ತಾನಾಗಿ ಬಂತು. ಓರೆ ಕೊಯ್ದರೆ ದಪ್ಪ ಕಾಣುವುದು ನಿಜವೇ. ಅವನು ಓರೆ ಕೊಯ್ಯುವವನಲ್ಲ ಅನ್ನುವುದೂ ನಿಜ. ಹನ್ನೊಂದು ವರ್ಷ ಅದೇ ಕೆಲಸ ಮಾಡಿದವನು. ಪೈಗಳು "ಹಾಗಾದರೆ ಕಾಯುವಾ," ಅಂತ ಫೈಲು ಮುಚ್ಚಿದರು.

ನನಗೆ ನನ್ನ ಮೇಲೆ ಅಸಹ್ಯ ಹುಟ್ಟಿದೆ. ಆದರೂ ಮಧ್ಯಾಹ್ನ ಊಟ ಸೇರಿತು.

ಮೇ 21, ಶುಕ್ರವಾರ

ಬೆನೆಡಿಕ್ಟ, ನಿಖಿತಾ ಬಂದು ನಾಲ್ಕು ದಿನ. ಇವತ್ತು ಊಟಕ್ಕೆ ಕರೆದಿದ್ದರು. ನನಗೋಸ್ಕರ ಬೇರೆ ಪಾತ್ರೆ ತಂದು ಗಂಜಿ, ಬಸಳೆ ಪದಾರ್ಥ ಮಾಡಿದ್ದಾಳೆ ಆ ಹೆಂಗಸು. ಪಾತ್ರೆಯ ಮೇಲಿನ ಸ್ಟಿಕ್ಕರ್ ಕಿತ್ತ ಅಂಟು ಇನ್ನೂ ಹಾಗೇ ಇತ್ತು.

"ಇವರು ಫೋನಿನಲ್ಲಿ ಯಾವಾಗಲೂ ನಿಮ್ಮದೇ ಸುದ್ದಿ," ಅಂದಳು. "ಉಪಾಧ್ಯ ಇಲ್ಲದಿದ್ದರೆ ಆ ಮರುಭೂಮಿಯಲ್ಲಿ ಹುಚ್ಚು ಹಿಡೀತಿತ್ತು ಅಂತ."

ಬಂಟ್ವಾಳದ ಬಾಡಿಗೆ ಮನೆ ಬಿಟ್ಟು, ಶಾಲೆಯಿಂದ ಟೀಸಿ ತಕ್ಕೊಂಡು ಬಂದಿದ್ದಾರೆ. ಇಲ್ಲಿ ಸೆಪ್ಟೆಂಬರಿಗೆ ಸೀಟು ಸಿಕ್ಕಿದೆ. ನಿಖಿತಾ ಅಪ್ಪನ ಕೈ ಬಿಡುವುದಿಲ್ಲ, ಊಟ ಮಾಡುವಾಗಲೂ ಎಡಗೈ ಹಿಡಿದು ಕೂತಿದ್ದಳು. "ಸ್ಕೂಲ್ ಇಷ್ಟವಾ?" ಅಂದೆ. "ಐ ಡೋಂಟ್ ನೋ ಅಂಕಲ್. ಐ ಲೈಕ್ ಡ್ಯಾಡೀಸ್ ಹೌಸ್," ಅಂದಳು.

ನಗಬೇಕಾಯಿತು, ನಕ್ಕೆ.

ಮೇ 29, ಶನಿವಾರ. ಮಧ್ಯಾಹ್ನ 3

ನಲವತ್ತಾರು ಡಿಗ್ರಿ. ಕಾಳು ತಿಂದ ಮೈ ಒಳಗಿಂದಲೇ ಕಾಯುತ್ತದೆ. ಮೇಲೆ ಈ ಕೊಬ್ಬು. ನಾಲಗೆ ಹೊರಗೆ ಹಾಕಿ ನಿಂತಿವೆ. ಈ ವಾರ ಹನ್ನೊಂದು ಸತ್ತವು. ಒಂದು ನನ್ನ ಎದುರಿಗೇ ಕುಸಿಯಿತು, ಹೊಟ್ಟೆ ಉಬ್ಬಿ ಎದ್ದಿತ್ತು. ಚುಚ್ಚಿ ಗಾಳಿ ಬಿಡಿಸುವಷ್ಟರಲ್ಲಿ ಮುಗಿಯಿತು.

ಕಾಳು ಇಳಿಸಿ ಹುಲ್ಲು ಏರಿಸಿದ್ದೇನೆ. ಈಗ ಏನು ಮಾಡಿದರೂ ಬೆನ್ನಿನ ಕೊಬ್ಬು ಕರಗುವುದಿಲ್ಲ.

ಬೆಳಿಗ್ಗೆಯೇ ಕಡಿದು ಮಾರಿಬಿಡುವಾ ಅಂತ ಪೈಗಳಿಗೆ ಹೇಳಿದೆ. "ಅರಬಾಬ್ ಲಂಡನ್ನಿನಲ್ಲಿದ್ದಾರೆ. ಜೂನ್ ಅಂದರೆ ಜೂನ್," ಅಂದರು. ಕಾರಣ ಹೇಳಿದ್ದರೆ ಅವರು ಫೋನ್ ಮಾಡುತ್ತಿದ್ದರು. ಕಾರಣ ನಾನು ಹೇಳಲಿಲ್ಲ.

ಜೂನ್ 2, ಬುಧವಾರ

ನೂರೈವತ್ತು. ಇಪ್ಪತ್ತನಾಲ್ಕು ಮಿಲಿಮೀಟರ್.

ನನ್ನ ಗೆರೆ ಹತ್ತು ಅಂದಿತ್ತು.

ಜೂನ್ 14, ಸೋಮವಾರ

ಮೊದಲ ಎರಡು ಟ್ರಕ್ ದುಬೈಯಿಂದ ವಾಪಸ್. ಹೋಟೆಲಿನ ಪರ್ಚೇಸಿನವನು ಕೊಬ್ಬಿನಲ್ಲಿ ಹೆಬ್ಬೆರಳು ಚುಚ್ಚಿ ತೋರಿಸಿದನಂತೆ. ಕೆತ್ತಿ ಕೆತ್ತಿ ಬರ್ ದುಬೈ, ಅಲ್ ಮೀನಾ ಅಂತ ಸಿಕ್ಕಿದಲ್ಲಿ ಚಿಲ್ಲರೆ ಮಾರುತ್ತಿದ್ದಾರೆ. ಶೆಡ್ಡಿನ ಹಿಂದೆ ಕೆತ್ತಿದ ಕೊಬ್ಬಿನ ಡ್ರಮ್ಮುಗಳು. ಐದು ತಿಂಗಳು ನಾನು ತೂಗಿ ತೂಗಿ ಹಾಕಿಸಿದ ಬಾರ್ಲಿ, ಜೋಳ ಎಲ್ಲ ಅದರಲ್ಲಿದೆ.

ಅರಬಾಬ್ ಇಪ್ಪತ್ತಕ್ಕೆ ಬರುತ್ತಾನಂತೆ.

ಜೂನ್ 20, ಭಾನುವಾರ. ಸಂಜೆ

ಪೈಗಳು, ಲಿಯೊನೆಲ್, ನಾನು, ಮೂವರನ್ನೂ ಅರಬಾಬ್ ಕೂರಿಸಿದ. ನಾಲ್ಕು ಹಾಳೆ ಸಾಲಾಗಿ ಇಟ್ಟ. ಅರುವತ್ತು, ತೊಂಬತ್ತು, ನೂರಿಪ್ಪತ್ತು, ನೂರೈವತ್ತು. ಕೂಗಾಡಲಿಲ್ಲ. ತೊಂಬತ್ತರ ಹಾಳೆ ಎತ್ತಿ ಲಿಯೊನೆಲ್‌ಗೆ ತೋರಿಸಿದ.

"ಇದು ನಿನ್ನ ಸೈನ್?"

ಲಿಯೊನೆಲ್ ಹಾಳೆ ನೋಡಿದ. ಆಮೇಲೆ ನನ್ನನ್ನು ನೋಡಿದ. ಎಷ್ಟು ಹೊತ್ತು ಅಂತ ಗೊತ್ತಿಲ್ಲ, ನಾನು ಮೇಜು ನೋಡುತ್ತಿದ್ದೆ. ಮೇಜಿನ ಗಾಜಿನ ಅಡಿ ಒಂದು ಕ್ಯಾಲೆಂಡರ್ ಇತ್ತು.

"ಹೌದು. ನನ್ನದೇ ಸೈನ್," ಅಂದ.

"ಈ ಅಳತೆ ನಿಜವಾ?"

"ಸೈನ್ ನನ್ನದು," ಅಂತ ಮತ್ತೆ ಅಂದ.

"ಖಲಾಸ್," ಅಂದ ಅರಬಾಬ್. ವೀಸಾ ಕ್ಯಾನ್ಸಲ್. ಅವನದು ಹೋದರೆ ಹೆಂಡತಿ ಮಗಳದ್ದೂ ಹೋಯಿತು. ಮೇಲೆ ಬ್ಯಾನ್ ಹಾಕಿಸುತ್ತಾನಂತೆ, ಇನ್ನು ಈ ದೇಶಕ್ಕೆ ಬರುವ ಹಾಗಿಲ್ಲ.

ಆಗ ಹೇಳಬೇಕಿತ್ತು. ಕುರ್ಚಿ ಸರಿಸಿ ಎದ್ದು ಹೊರಗೆ ಬಂದೆ.

ಜೂನ್ 22, ಮಂಗಳವಾರ

ಲಿಯೊನೆಲ್ ಈಗ ಫ್ಲ್ಯಾಟಿನಲ್ಲೇ ಇರುತ್ತಾನೆ, ರೂಮಿಗೆ ಬರುವುದಿಲ್ಲ. ನಾಳೆ ಹೇಳುತ್ತೇನೆ. ಪೈಗಳಿಗೆ ಮೊದಲು.

ಜೂನ್ 23

ಪೈಗಳು ಅಬುಧಾಬಿಯಲ್ಲಿ. ಕೇಳಿ ಖುಷಿ ಆಯಿತು. ಎಂಥ ಮನುಷ್ಯ ನಾನು.

ಜೂನ್ 24, ಗುರುವಾರ. ಮಧ್ಯಾಹ್ನ

ಹೇಳಿದೆ. ನಿಂತುಕೊಂಡೇ ಹೇಳಿದೆ. ತೊಂಬತ್ತರ ಹಾಳೆ ನಾನು ತುಂಬಿದ್ದು, ಒಳಗೆ ಹೋಗಲೇ ಇಲ್ಲ, ಅವನ ಸೈನ್ ಮೊದಲೇ ಇತ್ತು.

ಸರ್ವೋತ್ತಮ ಪೈಗಳು ಕನ್ನಡಕ ತೆಗೆದು ಒರೆಸಿದರು. ಬಾಗಿಲು ಹಾಕಿ ಬಂದರು.

"ನಿನ್ನೆಯೇ ಮೂರೂ ಪಾಸ್‌ಪೋರ್ಟ್ ಕ್ಯಾನ್ಸಲೇಶನ್ನಿಗೆ ಕೊಟ್ಟು ಬಂದೆ ಉಪಾಧ್ಯರೇ. ಇನ್ನು ಅರಬಾಬ್ ಹತ್ತಿರ ಹೋಗಿ ಎಂತ ಹೇಳುವುದು? ಖಾಲಿ ಹಾಳೆಗೆ ಸೈನ್ ಹಾಕಿದ್ದಕ್ಕೆ ಅವನು ಹೇಗೂ ಹೋಗುತ್ತಾನೆ. ಸುಳ್ಳು ಬರೆದದ್ದಕ್ಕೆ ನೀವೂ ಹೋಗುತ್ತೀರಿ. ನೋಡಿಕೊಳ್ಳದ್ದಕ್ಕೆ ನಾನೂ. ಮುಂದಿನ ಹಡಗು ಆಗಸ್ಟಿಗೆ. ಅದಕ್ಕೆ ಮೇವು ಹಾಕುವವರು ಯಾರು?"

"ಆದರೂ..."

"ನೀವು ಹೇಳಲಿಲ್ಲ. ನಾನು ಕೇಳಲಿಲ್ಲ. ಹೋಗಿ, ಸಂಜೆಯ ಫೀಡ್ ನೋಡಿ."

ಹೊರಗೆ ಬಂದೆ. ಹಗುರ ಆಯಿತು. ಅದನ್ನೇ ಬರೆದಿಡಬೇಕು. ದುಃಖ ಆಗಲಿಲ್ಲ, ಹಗುರ ಆಯಿತು.

ಜುಲೈ 2, ಶುಕ್ರವಾರ

ಲಿಯೊನೆಲ್ ಪೆಟ್ಟಿಗೆ ತಕ್ಕೊಂಡು ಹೋಗಲಿಕ್ಕೆ ರೂಮಿಗೆ ಬಂದ. ಹೇಳಿಬಿಟ್ಟೆ. ಹೇಳಿ ಮುಗಿಸುವ ಮೊದಲೇ ಕೈ ಅಡ್ಡ ತಂದ.

"ಗೊತ್ತುಂಟು. ಈಸ್ಟರ್ ಮರುದಿವಸವೇ ಗುಲ್ ಹೇಳಿದ. ಸಾಬ್ ಪರದೆವರೆಗೆ ಬಂದು ತಿರುಗಿ ಹೋದ್ರು ಅಂತ."

ನಾನು ಮಂಚದ ಮೇಲೆ ಕೂತುಬಿಟ್ಟೆ.

"ಹನ್ನೆರಡು ಹೋರಿ, ಹೋಗ್ಲಿ ಅಂತ ಬಿಟ್ಟೆ. ನಿನ್ನ ಲೆಕ್ಕ ಸರಿ ಇರಬಹುದು ಅಂತ ಗ್ರಹಿಸಿದ್ದೆ. ನೀನು ಕಲಿತವ. ಮೇಯಲ್ಲಿ ಹದಿನೇಳು ಬಂತಲ್ಲ, ಆಗ ನಿನ್ನ ಹತ್ತಿರ ಕೇಳಿದೆ. ನೀನಾಗಿ ಹೇಳ್ತಿ ಅಂತ ಇತ್ತು ನನಗೆ."

"ಅರಬಾಬ್ ಕೇಳಿದಾಗ ನೀನು ಯಾಕೆ ಹೇಳಲಿಲ್ಲ?"

"ನಾನು ಹೇಳಿದರೆ ಚಾಡಿ ಆಗ್ತದೆ." ಪೆಟ್ಟಿಗೆಯ ಹಗ್ಗ ಬಿಗಿದ. "ನೀನು ಹೇಳಿದರೆ ಬೇರೆ. ಅಲ್ಲಿಯೂ ಕಾದೆ. ಒಂದು ನಿಮಿಷ ಕಾದೆ ಉಪಾಧ್ಯ."

ಅಳಲಿಕ್ಕೆ ಶುರುಮಾಡಿದೆ. ಅವನು ಸಮಾಧಾನ ಮಾಡಲಿಲ್ಲ. ಮಾಡುತ್ತಾನೆ ಅಂತ ನಾನು ಕಾಯುತ್ತಿದ್ದೆ ಅನ್ನುವುದೂ ಗೊತ್ತಾಯಿತು. "ಹಗ್ಗದ ಆ ತುದಿ ಹಿಡಿ," ಅಂದ. ಹಿಡಿದೆ.

"ಬೆನೆಡಿಕ್ಟಗೆ ಹೇಳಿದ್ಯಾ?"

"ಎಂತ ಹೇಳ್ಲಿ? ನೀನು ಊಟಕ್ಕೆ ಬಂದಾಗಿನ ಪಾತ್ರೆ ಇನ್ನೂ ಬೇರೆಯೇ ಇಟ್ಟಿದ್ದಾಳೆ."

ಪೆಟ್ಟಿಗೆಯನ್ನು ಪಿಕಪ್ಪಿಗೆ ಇಬ್ಬರೂ ಸೇರಿ ಎತ್ತಿ ಇಟ್ಟೆವು.

ಜುಲೈ 8, ಗುರುವಾರ

ಹೋದರು. ಮಧ್ಯಾಹ್ನದ ಫ್ಲೈಟ್. ಏರ್‌ಪೋರ್ಟಿಗೆ ಕಂಪನಿಯ ಡ್ರೈವರ್ ಬಿಟ್ಟು ಬಂದ. ನಾನು ಹೋಗಬಹುದಿತ್ತು. ಪೆನ್ನಿನಲ್ಲಿ ಕೆಲಸ ಉಂಟು ಅಂತ ನಿಂತೆ, ಕೆಲಸ ಇರಲಿಲ್ಲ.

ಡ್ರೈವರ್ ಹೇಳಿದ, ಮಗು ದಾರಿಯುದ್ದಕ್ಕೂ ಕೇಳುತ್ತಿತ್ತಂತೆ, ಸೆಪ್ಟೆಂಬರಿಗೆ ವಾಪಸ್ ಬರುತ್ತೇವಲ್ವಾ ಅಂತ.

ಸಂಜೆ ಪೈಗಳು ಬಂದರು. ಶೆಡ್ಡಿಗೆ ಹೊಸ ಮನುಷ್ಯ ಸಿಗುವುದು ಸೆಪ್ಟೆಂಬರಿಗೆ. ಅಲ್ಲಿಯವರೆಗೆ ಕೋಲ್ಡ್ ರೂಮಿನ ಅಳತೆ ನೀವೇ ಮಾಡಿ ಅಂದರು. ಕೇಳಿದ್ದಲ್ಲ, ಹೇಳಿದ್ದು. ನನಗೆ ಆಗುವುದಿಲ್ಲ ಅನ್ನುವ ಬಾಯಿ ಈಗ ನನ್ನ ಹತ್ತಿರ ಇಲ್ಲ. "ಆಯ್ತು," ಅಂದೆ.

ಜುಲೈ 10, ಶನಿವಾರ. ಬೆಳಿಗ್ಗೆ 9

ಹೋಗಿ ಬಂದೆ.

ಗುಲ್ ಪರದೆ ಎತ್ತಿದ, ನಾನು ಒಳಗೆ ನಡೆದೆ. ವಾಂತಿ ಬರಲಿಲ್ಲ. ತಲೆ ಸುತ್ತಲಿಲ್ಲ. ಚಳಿ ಇತ್ತು, ಸ್ವೆಟರ್ ಹಾಕಿಕೊಳ್ಳಬೇಕಿತ್ತು ಅನಿಸಿತು. ಮುನ್ನೂರರಲ್ಲಿ ಉಳಿದವು, ಸಾಲಾಗಿ ಹನ್ನೆರಡು ತೂಗುತ್ತಿದ್ದವು. ಗುಲ್ ಕೊಯ್ದು ಕೊಟ್ಟ, ನಾನು ಸ್ಕೇಲ್ ಇಟ್ಟೆ, ಬರೆದೆ. ಇಪ್ಪತ್ತಾರು. ಇಪ್ಪತ್ತೈದು. ಇಪ್ಪತ್ತೆಂಟು. ನಾಲ್ಕನೆಯದಕ್ಕೆ ಬರುವಾಗ ನಾನು ಅದನ್ನು ಬೇರೆ ಯಾವುದೋ ಸಾಮಾನು ಅಳೆದ ಹಾಗೆ ಅಳೆಯುತ್ತಿದ್ದೆ. ಗುಲ್ ಅವನ ಊರಿನ ಮಾವಿನಹಣ್ಣಿನ ಸುದ್ದಿ ಹೇಳುತ್ತಿದ್ದ, ನಾನು ಹೂಂಗುಟ್ಟುತ್ತಿದ್ದೆ.

ಹೊರಗೆ ಬಂದು ಕೈ ತೊಳೆದೆ. ವಾಚು ನೋಡಿದೆ. ಹತ್ತೊಂಬತ್ತು ನಿಮಿಷ.

ಹತ್ತೊಂಬತ್ತು ನಿಮಿಷದ ಕೆಲಸ. ಇಷ್ಟೇ ಇದ್ದದ್ದು. ಆ ಶನಿವಾರ ಗುಲ್ ಪರದೆ ಎತ್ತಿ ಹಿಡಿದಾಗ ನಾನು ಒಂದು ಹೆಜ್ಜೆ ಒಳಗೆ ಇಟ್ಟಿದ್ದರೆ ಲಿಯೊನೆಲ್ ಇವತ್ತೂ ಇಲ್ಲೇ ಇರುತ್ತಿದ್ದ.